ನಾಲ್ಕು ಜಾಳಿಗೆಯ ಹಿಂಡು

ಕೊಹಿನೂರಿನ ಅಮೋಘಸಿದ್ದಪ್ಪನ ಮಗಳು ಕಾಜಲ ಏನು ಕೆಲಸ ಮಾಡುತ್ತಾಳೆ ಎಂದು ಅವಳ ಅವ್ವನನ್ನು ಕೇಳಿ ನೋಡಿ. "ಫೋನಿಗಿ ಮಾತು ಕಲಸ್ತಾಳ್ರಿ" ಎನ್ನುತ್ತಾಳೆ. ತುಳಜಾಬಾಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಈ ಕೆಲಸವನ್ನು ಇದಕ್ಕಿಂತ ಚೊಕ್ಕವಾಗಿ ಹೇಳುವವರು ಇನ್ನೂ ಹುಟ್ಟಬೇಕು.

ಬಸವಕಲ್ಯಾಣದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ. ಅಲ್ಲಿ ಎರಡು ಲ್ಯಾಪ್‌ಟಾಪು, ಗರಗರ ಎನ್ನುವ ಒಂದು ಫ್ಯಾನು, ಇಪ್ಪತ್ತೈದು ವರ್ಷದ ಕಾಜಲ. ಸಣ್ಣ ಅಂಗಡಿಯವರಿಗೆ ಅವಳು ಚಾಟ್‌ಬಾಟ್ ಮಾಡಿಕೊಡುತ್ತಾಳೆ. ಗಿರಾಕಿ ವಾಟ್ಸಾಪಿನಲ್ಲಿ ಬರೆದು ಕೇಳಿದರೆ ಅದು ಬರೆದು ಹೇಳುತ್ತದೆ, ಮಾತಾಡಿ ಕೇಳಿದರೆ ಮಾತಾಡಿ ಹೇಳುತ್ತದೆ. ಅದೂ ಹೇಗೆ? ರೇಡಿಯೋ ಕನ್ನಡದಲ್ಲಲ್ಲ. "ಯಾಕ್ರಿ ಯಕ್ಕಾ, ಏನ್ ಬೇಕಾಗಿತ್ತು?" ಎಂದು ನಮ್ಮ ಕಡೆಯ ಮಾತಿನಲ್ಲೇ. ಒಳಗೆ ಯಾವುದೋ ದೊಡ್ಡ ಕಂಪನಿಯ ಎಐ ಇರುತ್ತದೆ, ನಿಜ. ಆದರೆ ಆ ದೊಡ್ಡವರ ಬಾಯಿಗೆ ಬೀದರ್ ಜಿಲ್ಲೆಯ ನಾಲಿಗೆ ಜೋಡಿಸುವವಳು ಕಾಜಲ.

ಮೊದಲು ಮಾಡಿಕೊಟ್ಟದ್ದು ಗೆಳತಿ ಸೋನಾಲಿಯ ಹೊಲಿಗೆ ಅಂಗಡಿಗೆ. ಮದುವೆಯ ದಿನಗಳಲ್ಲಿ "ನನ್ನ ಬ್ಲೌಸ್ ಆತೇನು?" ಎಂಬ ಒಂದೇ ಪ್ರಶ್ನೆಗೆ ದಿನಕ್ಕೆ ಎಪ್ಪತ್ತು ಸಲ ಉತ್ತರ ಕೊಟ್ಟು ಸೋನಾಲಿಯ ಗಂಟಲು ಒಣಗಿ ಹೋಗುತ್ತಿತ್ತು. ಚಾಟ್‌ಬಾಟ್ ಬಂದ ಮೇಲೆ ಸೋನಾಲಿ ಹೊಲಿದಳು, ಫೋನು ಮಾತಾಡಿತು. ಆ ಸುದ್ದಿ ಓಣಿ ದಾಟಿ ಬಜಾರಕ್ಕೆ ಬಂತು. ಮೋಟರ್ ರಿಪೇರಿಯವರು ಬಂದರು, ಮಿರ್ಚಿ ಗಿರಣಿಯವರು ಬಂದರು, ಶಾಮಿಯಾನದವರು ಬಂದರು.

ಕಾಜಲಳ ವಿದ್ಯೆಯ ಗುಟ್ಟು ಲ್ಯಾಪ್‌ಟಾಪಿನಲ್ಲಿರಲಿಲ್ಲ, ಸ್ಟೂಲಿನಲ್ಲಿತ್ತು. ಯಾರೇ ಕರೆಯಲಿ, ಮೊದಲು ಆ ಅಂಗಡಿಯಲ್ಲಿ ಒಂದು ಸ್ಟೂಲು ಕೇಳಿ ಎರಡು ದಿನ ಮೂಲೆಯಲ್ಲಿ ಕೂರುತ್ತಿದ್ದಳು. ಗಿರಾಕಿ ಏನು ಕೇಳಿದ, ಅಂಗಡಿಯವ ಏನು ಅಂದ, ಎಲ್ಲಿ ನಕ್ಕರು, ಎಲ್ಲಿ ಸಿಟ್ಟಾದರು, ಎಲ್ಲ ನೋಟ್‌ಬುಕ್ಕಿಗೆ. ಆಮೇಲೆ ಕೆಲಸ. ಕೊನೆಗೆ ಅಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ ಕಲಿಸದೆ ಅವಳು ಏಳುವವಳಲ್ಲ. "ನಾಳಿ ದುಕಾನ ಬಂದ್ ಅದ ಅಂತ ಹೇಳು" ಎಂದು ಒಂದು ವಾಯ್ಸ್ ಮೆಸೇಜ್ ಹಾಕಿದರೆ ಸಾಕು, ಚಾಟ್‌ಬಾಟ್ ಕಲಿತುಕೊಳ್ಳುತ್ತಿತ್ತು. "ಬಾಯಿ ಇದ್ದವರೆಲ್ಲ ನಡಸಬೇಕು, ಡಿಗ್ರಿ ಇದ್ದವರಷ್ಟೇ ಅಲ್ಲ" ಎಂಬುದು ಅವಳ ಹಟ.

ಹೀಗೆ ಹೆಸರು ಹುಮನಾಬಾದಿನವರೆಗೆ ಹೋಯಿತು. ಅಲ್ಲಿಂದ ಧನರಾಜ ಶೇಠರ ಕರೆ ಬಂತು. ಅವರದು ದನಕರು, ಕುರಿ, ಆಡುಗಳ ಔಷಧಿಯ ಅಂಗಡಿ, ಸುತ್ತಲ ನಾಲ್ಕು ತಾಲೂಕಿಗೆ ಹೆಸರುವಾಸಿ. ಇಪ್ಪತ್ತೆರಡು ವರ್ಷ ಕೌಂಟರಿನಲ್ಲಿ ನಿಂತಿದ್ದ ಅಬ್ದುಲ್ ಕರೀಂ ಚಾಚಾ ಮೊಣಕಾಲು ನೋವೆಂದು ಕೆಲಸ ಬಿಟ್ಟು ಮಗಳ ಊರಿಗೆ ಹೋಗಿದ್ದರು. ಅವರ ಜಾಗಕ್ಕೆ ಬಂದವಳು ಇಶ್ರತ್, ಹತ್ತೊಂಬತ್ತು ವರ್ಷದ ಚುರುಕು ಹುಡುಗಿ. ಆದರೆ ಒಬ್ಬಳೇ ಎಷ್ಟು ಜನರಿಗೆ ಉತ್ತರ ಕೊಟ್ಟಾಳು? ಮಳೆಗಾಲದ ಮುಂಚೆ ಕುರಿಗಳಿಗೆ ಜಂತಿನ ಔಷಧಿ ಕುಡಿಸುವ ಹಂಗಾಮು. ಕುರಿಗಾರರು ಎಲ್ಲೋ ಹೊಲದಲ್ಲಿ ಹಿಂಡಿನ ಜೊತೆ ಇರುತ್ತಾರೆ, ಹಿಂಡು ಬಿಟ್ಟು ಅಂಗಡಿಗೆ ಬರಲು ಆಗುವುದಿಲ್ಲ. ಫೋನಿನಲ್ಲೇ ಕೇಳಿ, ಫೋನಿನಲ್ಲೇ ಹೇಳಿ, ಬಾಟಲಿಯನ್ನು ಬಸ್ಸಿನಲ್ಲಿ ಕಳಿಸುವಂತಾದರೆ ಎಲ್ಲರಿಗೂ ಅನುಕೂಲ.

"ಮೊದಲ ಎರಡು ದಿನ ಸ್ಟೂಲಿನ ಮ್ಯಾಲ ಕೂಡ್ತೀಯಂತ ಕೇಳೀನಿ. ಯಾವಾಗ ಬರ್ತೀ ಬೇಟಾ?" ಎಂದು ಧನರಾಜ ಕೇಳಿದರು.

ಕಾಜಲ ನಕ್ಕಳು. "ಶೇಠ್ರೀ, ನಾ ಕುರಿ ಕಾಯೋರ ಮಗಳಿದೀನಿ. ತೊಟ್ಟಿಲದಾಗಿಂದ ಬ್ಯಾ ಬ್ಯಾ ಕೇಳ್ಕೋತ ಬೆಳದೀನಿ. ಇದಕ್ಕ ಸ್ಟೂಲ್ ಯಾಕ್ರಿ?"

ಆ ಒಂದು ನಗು ಅವಳಿಗೆ ಎಷ್ಟು ದುಬಾರಿಯಾಯಿತು ಎನ್ನುವುದೇ ಈ ಕಥೆ.

ಕೆಲಸ ಮಾತ್ರ ಬೆಣ್ಣೆಯ ಹಾಗೆ ಆಯಿತು. ಯಾವ ಔಷಧಿ, ಒಂದು ಕುರಿಗೆ ಎಷ್ಟು ಎಂಬ ತಖ್ತೆಯನ್ನು ಪಶುವೈದ್ಯರೊಬ್ಬರು ಬರೆದುಕೊಟ್ಟರು. ಎಐ ಅದರಲ್ಲಿ ತನ್ನ ಬುದ್ಧಿ ಓಡಿಸುವಂತಿರಲಿಲ್ಲ, ಆ ಬಾಗಿಲಿಗೆ ಕಾಜಲ ಬೀಗ ಹಾಕಿದ್ದಳು. ಅದು ಕೇಳಬೇಕಾದದ್ದು ಒಂದೇ ಪ್ರಶ್ನೆ: "ಯಣ್ಣಾ, ಕುರಿ ಎಷ್ಟು ಅವ್ರಿ?" ಕುರಿಗಾರ ನಲವತ್ತು ಎಂದರೆ ನಲವತ್ತಕ್ಕೆ ಲೆಕ್ಕ ಹಿಡಿದು ಇಷ್ಟು ಬಾಟಲಿ ಎಂದು ಹೇಳುತ್ತಿತ್ತು. ಇಶ್ರತ್ ಕಟ್ಟಿ ಬಸ್ಸಿಗೆ ಕೊಡುತ್ತಿದ್ದಳು. ಕುರಿಗಾರರು ಅದಕ್ಕೆ ಫೋನಿನ ಅಕ್ಕ ಎಂದು ಹೆಸರಿಟ್ಟರು. ಇಪ್ಪತ್ತು ದಿನ ಧನರಾಜ ಸಿಕ್ಕ ಸಿಕ್ಕವರ ಮುಂದೆಲ್ಲ ಅದನ್ನೇ ಹೊಗಳಿದರು. ಅವರ ಗುರುತಿನ ಆರು ಅಂಗಡಿಯವರು ನಮಗೂ ಬೇಕು ಎಂದು ಸಾಲು ಹಚ್ಚಿದರು.

ಇಪ್ಪತ್ತೊಂದನೆಯ ದಿನ ಹುಡಗಿ ಎಂಬ ಊರಿನಿಂದ ಕಲ್ಲಿನಾಥ ಎಂಬ ಕುರಿಗಾರ ಅಂಗಡಿಯೊಳಗೆ ನುಗ್ಗಿದ. ಹೆಗಲ ಮೇಲೆ ಕಂಬಳಿ, ಕಣ್ಣಲ್ಲಿ ಕೆಂಡ.

"ಏನ್ ನೀರು ಕಳಿಸೀರೋ ಔಷಧಿ ಕಳಿಸೀರೋ? ಕುರಿ ಗದ್ದ ಬಾತಾವ. ಎರಡು ಮಲಗಿದ್ದು ಏಳಲಿಲ್ಲ. ಫೋನಿನ ಅಕ್ಕ ಅಂತ ಅಕ್ಕ! ನನ್ನ ಮನಿ ತೊಳದ್ಳು!"

ಮರುದಿನ ಇನ್ನಿಬ್ಬರು. ಅದರ ಮರುದಿನ ಐದು ಜನ. ಎಲ್ಲರದೂ ಒಂದೇ ದೂರು: ಕುಡಿಸಿದ್ದೇವೆ, ಜಂತು ಸತ್ತಿಲ್ಲ, ಕುರಿ ಸೊರಗುತ್ತಿವೆ. ಪಶುವೈದ್ಯರು ಹೋಗಿ ನೋಡಿ ಬಂದರು. "ಔಷಧಿ ಬರೋಬ್ಬರಿ ಅದ. ಸಾಲಿಲ್ಲ ಅಷ್ಟೇ. ಅರ್ಧ ಅರ್ಧ ಕುಡಿಸ್ಯಾರ. ಮತ್ತ ಪೂರಾ ಡೋಸು ಕುಡಿಸ್ಬೇಕು, ಮಳಿ ಹಿಡಿಯೋದ್ರಾಗ" ಎಂದರು.

ಧನರಾಜ ಕೂಗಾಡುವ ಮನುಷ್ಯನಲ್ಲ. ಕೂಗಾಡಿದ್ದರೆ ಕಾಜಲಳಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಬೇಟಾ, ಎಂಟು ದಿನ ಕೊಡ್ತೀನಿ. ಸರಿ ಆಗಲಿಲ್ಲಂದ್ರ ಇದನ್ನ ತಗದು ಹಾಕ್ತೀನಿ. ಆಮ್ಯಾಲ ಆ ಆರು ದುಕಾನದವರು ಕೇಳಿದ್ರ ನಾ ಸುಳ್ಳು ಹೇಳಾಂವಲ್ಲ" ಎಂದರು.

ಕಾಜಲಳಿಗೆ ಗೊತ್ತಿತ್ತು. ಸಣ್ಣ ಊರಲ್ಲಿ ಹೆಸರು ಬರಲು ಎರಡು ವರ್ಷ, ಹೋಗಲು ಒಂದು ಸಂತೆ ಸಾಕು. ಹುಮನಾಬಾದಿನಲ್ಲಿ ಕೆಟ್ಟರೆ ಬಸವಕಲ್ಯಾಣದಲ್ಲಿಯೂ ಯಾರೂ ಬಾಗಿಲು ತೆರೆಯುವುದಿಲ್ಲ. ಆದರೆ ಅವಳು ಅತ್ತುಕೊಂಡು ಕೂರುವ ಪೈಕಿ ಅಲ್ಲ. ಅಂದೇ ಸ್ಟೂಲು ಎಳೆದುಕೊಂಡು ಇಶ್ರತ್‌ಳ ಪಕ್ಕ ಕೂತಳು. ಇಪ್ಪತ್ತು ದಿನದಲ್ಲಿ ಬಂದ ವಾಯ್ಸ್ ಮೆಸೇಜ್‌ಗಳನ್ನೆಲ್ಲ ಇಬ್ಬರೂ ಒಂದೊಂದಾಗಿ ಕೇಳತೊಡಗಿದರು.

ಮೂವತ್ತನೆಯದೋ ನಲವತ್ತನೆಯದೋ ಕೇಳುವ ಹೊತ್ತಿಗೆ ಇಶ್ರತ್ ಹುಬ್ಬು ಗಂಟಿಕ್ಕಿದಳು. "ದೀದಿ, ಎಲ್ಲಾರೂ ಮಸ್ತ ಫಟಾಫಟ್ ಮಾತಾಡ್ತಾರ. ಕುರಿ ಎಷ್ಟು ಅಂದ ಕೂಡ್ಲೇ ಯಾಕ ಕೆಮ್ಮತಾರ?"

ಹೌದಲ್ಲ! ಕಾಜಲ ಮತ್ತೆ ಕೇಳಿದಳು. ಪ್ರಶ್ನೆ ಬಂದ ಕೂಡಲೇ ಒಬ್ಬ ಕೆಮ್ಮುತ್ತಾನೆ, ಒಬ್ಬ ನಾಯಿಯನ್ನು ಗದರುತ್ತಾನೆ, ಒಬ್ಬ "ಏನ್ ಅವ ಬಿಡ್ರಿ, ನಾಕಾರು" ಎಂದು ರಾಗ ಎಳೆಯುತ್ತಾನೆ. ಆಮೇಲೆ ಒಂದು ಸಣ್ಣ ಸಂಖ್ಯೆ. ಹಾಗೆ ಕೇಳುತ್ತ ಕೇಳುತ್ತ ಒಂದು ಪರಿಚಯದ ದನಿ ಬಂತು. "ಒಂದ್ ಮೂವತ್ತು ಇರ್ತಾವ ನೋಡವ್ವಾ, ಮೂವತ್ತಕ್ಕ ಕೊಡು."

ಅದು ಅಮೋಘಸಿದ್ದಪ್ಪನ ದನಿ. ಅವಳ ಅಪ್ಪನದೇ. ಮೂವತ್ತು! ಆ ಹಿಂಡು ರಸ್ತೆ ದಾಟುವಾಗ ಬಸ್ಸು ನಿಂತು, ಕಂಡಕ್ಟರ್ ಇಳಿದು ಒಂದು ಬೀಡಿ ಸೇದಿ ಮುಗಿಸುತ್ತಾನೆ. ಕಾಜಲ ಮೊದಲು ಪಕಪಕ ನಕ್ಕಳು. ಆಮೇಲೆ ನಗು ನಿಂತಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಆಗಿತ್ತು ಅವಳ ಬಾಳು. ಕುರಿಗಾರ ಹಿಂಡನ್ನು ಎಣಿಸುವುದಿಲ್ಲ, ಎಣಿಸಿದರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಕಣ್ಣು ಬೀಳುತ್ತದೆ, ಎಣಿಸಿದ್ದು ಇಳಿಯುತ್ತದೆ. ಚಿಕ್ಕವಳಿದ್ದಾಗ ಬೆರಳು ಮಡಚಿ ಕುರಿ ಎಣಿಸಿದ್ದಕ್ಕೆ ಅವ್ವ ತೊಡೆಗೆ ಚಿವುಟಿದ್ದು ನೆನಪಾಯಿತು. ಅಷ್ಟು ಗೊತ್ತಿದ್ದವಳು ನಾಲ್ಕು ತಾಲೂಕಿನ ಕುರಿಗಾರರನ್ನೆಲ್ಲ ಅದೇ ಪ್ರಶ್ನೆ ಕೇಳಲು ಒಂದು ಯಂತ್ರ ಕೂರಿಸಿದ್ದಳು. ತೊಂಬತ್ತು ಕುರಿಯವ ನಲವತ್ತು ಎಂದ, ನಲವತ್ತರ ಔಷಧಿಯನ್ನು ತೊಂಬತ್ತಕ್ಕೆ ಹಂಚಿ ಕುಡಿಸಿದ.

"ಹಂಗಿದ್ರ ಸೀದಾ ಡಬಲ್ ಮಾಡ್ರಿ ದೀದಿ. ನಲವತ್ತು ಅಂದ್ರ ಎಂಬತ್ತು" ಎಂದಳು ಇಶ್ರತ್.

"ಎಲ್ಲಾರೂ ಅರ್ಧಾ ಹೇಳಿದ್ರ ಛಲೋನೇ ಆಗ್ತಿತ್ತು. ನಮ್ಮಪ್ಪ ಮೂವತ್ತು ಅಂದಾನ, ಅದರ ಮೂರು ಪಟ್ಟರ ಅವ. ಇನ್ನೊಬ್ಬಾಂವ ಖರೇನೇ ಹೇಳಿರ್ತಾನ. ಔಷಧಿ ಅದು, ಅಂದಾಜಿನ ಮ್ಯಾಲ ಬಿಡಾಕ ಬರಂಗಿಲ್ಲ."

ಮರುದಿನ ಬೆಳಿಗ್ಗೆ ಅವಳು ಮಂಠಾಳದ ಬಸ್ಸು ಹತ್ತಿದಳು. ಅಪ್ಪ ಆ ವಾರ ಮಂಠಾಳದ ಬಸವಣಪ್ಪ ಎಂಬ ಜಮೀನ್ದಾರರ ಹೊಲದಲ್ಲಿ ಹಿಂಡು ತರುಬಿದ್ದ. ಬಿತ್ತನೆಗೆ ಮುಂಚೆ ಖಾಲಿ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಜೋಳ. ಅವ್ವನೂ ಅಲ್ಲೇ ಇದ್ದಳು, ಮೂರು ಕಲ್ಲಿನ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದಳು. ಕಾಜಲ ಹಿಂಡಿನ ಹತ್ತಿರ ಹೋದಳು. ಆರೇಳು ಕುರಿಗಳ ಗದ್ದದ ಕೆಳಗೆ ಚೀಲ ಕಟ್ಟಿದಂತೆ ಬಾವು ಜೋತುಬಿದ್ದಿತ್ತು.

"ಅಪ್ಪಾ, ಖರೇ ಹೇಳು. ಕುರಿ ಎಷ್ಟು ಅವ?"

ಅಮೋಘಸಿದ್ದಪ್ಪ ಕೆಮ್ಮಿದ. "ಅವ ಅಷ್ಟಿಷ್ಟು."

"ಮಗಳಿಗಿ ಸುದ್ದಾ ಹೇಳಂಗಿಲ್ಲೇನು? ಔಷಧಿ ಸಾಲದಕ್ಕ ಸಾಯಾಕತ್ತಾವ! ನಿನ್ನ ಮೌನಕ್ಕ ಕುರಿ ಸಾಯ್ತಾವ, ನನ್ನ ಕೆಲಸಾನೂ ಸಾಯ್ತದ!"

"ಅಬ್ದುಲ್ ಕರೀಂ ಒಂದಿನ ಕೇಳಿದ್ದಿಲ್ಲ" ಎಂದ ಅಮೋಘಸಿದ್ದಪ್ಪ, ಮಗಳ ಮುಖ ನೋಡದೆ. "ಮಾರಿ ನೋಡಿ ಕೊಡ್ತಿದ್ದ. 'ಎಲ್ಲಿ ತರುಬೀದಿ ಮಾಮಾ, ಯಾರ ಹೊಲದಾಗ' ಅಂತ ಕೇಳಾಂವ. ತನಗ ತಾನೇ ತಿಳ್ಕೊಂಡು ಕೊಡಾಂವ. ನಿನ್ನ ಮಷೀನು ಸೀದಾ ಬಾಯಿಗಿ ಕೈ ಹಾಕ್ತದ."

"ಇದು ಇಪ್ಪತ್ತೊಂದನೇ ಶತಮಾನ ಅದಪ್ಪಾ!"

"ಇರ್ಲಿ. ಕುರಿಗಿ ಏನ್ ಗೊತ್ತು ಅದು?"

ಕಾಜಲಳಿಗೆ ಸಿಟ್ಟು ನೆತ್ತಿಗೇರಿತು, ಜೊತೆಗೆ ಅಳುವೂ ಬಂತು. ಊರಿಗೆಲ್ಲ ಮಾತು ಕಲಿಸಿದವಳಿಗೆ ತನ್ನ ಅಪ್ಪನ ಬಾಯಿಂದ ಒಂದು ಸಂಖ್ಯೆ ಹೊರಡಿಸಲು ಆಗಲಿಲ್ಲ. ತುಳಜಾಬಾಯಿ ರೊಟ್ಟಿ ತಿರುವುತ್ತ, "ಬಿಡವ್ವ, ನನಗೇ ಹೇಳಿಲ್ಲ ಆ ಮನಷ್ಯಾ" ಎಂದಳು.

ಅಷ್ಟರಲ್ಲಿ ಬಸವಣಪ್ಪನವರು ಮೋಟರ್ ಸೈಕಲ್ಲಿನಲ್ಲಿ ಬಂದರು. ಬದುವಿನ ಮೇಲೆ ನಿಂತೇ ಕೂಗಿದರು. "ಅಮೋಘಸಿದ್ದಪ್ಪಾ, ಕೆಳಗಿನ ಹೊಲಕ್ಕೂ ಎರಡು ದಿನ ಬೇಕಾಗ್ಯಾದ. ಎಷ್ಟು ಜಾಳಗಿ ಹಿಂಡು ನಿಂದು?"

"ನಾಕು ಜಾಳಗಿ, ಧಣೀ!" ಎಂದ ಅಮೋಘಸಿದ್ದಪ್ಪ. ಕೆಮ್ಮಲಿಲ್ಲ, ನಾಯಿಯನ್ನು ಗದರಲಿಲ್ಲ. ಎದೆ ತುಂಬ ಉಸಿರು ತೆಗೆದುಕೊಂಡು, ಹೊಲದ ಆಚೆ ದಂಡೆಗೆ ಕೇಳುವ ಹಾಗೆ ಹೇಳಿದ.

ಕಾಜಲ ಕೂತಲ್ಲಿಂದ ಎದ್ದು ನಿಂತಳು. ಜಾಳಿಗೆ ಎಂದರೆ ರಾತ್ರಿ ಹಿಂಡಿನ ಸುತ್ತ ಗೂಟಕ್ಕೆ ಕಟ್ಟುವ ಹಗ್ಗದ ಬಲೆ. ಒಂದು ಜಾಳಿಗೆಗೆ ಇಪ್ಪತ್ತೈದು ಕುರಿ ಹಿಡಿಯುತ್ತವೆ, ಸ್ವಲ್ಪ ಹೆಚ್ಚು ಕಡಿಮೆ. ಜೋಳ ಎಷ್ಟು ಕೊಡಬೇಕು ಎನ್ನುವುದು ಹೊಲದವರಿಗೂ ಕುರಿಗಾರರಿಗೂ ತಲೆತಲಾಂತರದಿಂದ ಜಾಳಿಗೆಯ ಮೇಲೆಯೇ ನಿಂತಿದೆ. ಬಲೆಗೆ ಯಾರ ಕಣ್ಣು ಬೀಳಬೇಕು? ಬಲೆಯನ್ನು ಎಷ್ಟು ಸಲ ಬೇಕಾದರೂ ಎಣಿಸಬಹುದು. ಅಬ್ದುಲ್ ಕರೀಂ ಚಾಚಾ ಯಾರ ಹೊಲದಲ್ಲಿ ತರುಬಿದ್ದೀ ಎಂದು ಕೇಳುತ್ತಿದ್ದುದು ಯಾಕೆ ಎನ್ನುವುದೂ ಈಗ ತಿಳಿಯಿತು. ಎಷ್ಟು ಜಾಳಿಗೆ ಎನ್ನುವುದು ಹೊಲದವರಿಗೆ ಗೊತ್ತಿರುತ್ತದೆ, ಚಾಚಾ ಅದನ್ನು ಅವರಿಂದ ತಿಳಿದುಕೊಳ್ಳುತ್ತಿದ್ದರು.

ಅವಳು ಅಲ್ಲಿಂದಲೇ ಇಶ್ರತ್‌ಗೆ ಫೋನು ಹಚ್ಚಿದಳು. "ಇಶ್ರತ್, ಕುರಿ ಎಷ್ಟು ಅನ್ನೋ ಮಾತೇ ತಗದು ಹಾಕು. ಎಷ್ಟು ಜಾಳಗಿ ಹಿಂಡು ಅಂತ ಕೇಳಿಸು. ಜಾಳಗಿಗಿ ಇಪ್ಪತ್ತೈದರಂಗ ಹಿಡಿದು ಬಾಟಲಿ ಎಷ್ಟು ಅಂತ ಅಷ್ಟೇ ಹೇಳಲಿ. ಕುರಿ ಸಂಖ್ಯಾ ಅದರ ಬಾಯಾಗ ಬರ್ಲೇಬಾರದು. ಕಡೀಕ, ಇಷ್ಟು ಸಾಕಾಗ್ತದೇನ್ರಿ ಅಂತ ಒಂದು ಮಾತು ಕೇಳಿಸು. ಡಾಕ್ಟರ್‌ಗೂ ತೋರ್ಸು."

ಹತ್ತು ನಿಮಿಷದಲ್ಲಿ ಇಶ್ರತ್ ಬದಲಿಸಿದಳು. ಲ್ಯಾಪ್‌ಟಾಪು ಮುಟ್ಟಲಿಲ್ಲ, ಕೌಂಟರಿನಲ್ಲಿ ನಿಂತು ವಾಯ್ಸ್ ಮೆಸೇಜ್ ಹಾಕಿಯೇ ಬದಲಿಸಿದಳು. ಪಶುವೈದ್ಯರು ತಖ್ತೆ ನೋಡಿ, ಜಾಳಿಗೆಯ ಲೆಕ್ಕ ಕೇಳಿ ನಕ್ಕು ತಲೆ ಆಡಿಸಿದರು. ಆಮೇಲೆ ಕಾಜಲ, ಇಶ್ರತ್ ಇಬ್ಬರೂ ಸೇರಿ ಹಳೆಯ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೂ ಫೋನು ಮಾಡಿದರು. ತಪ್ಪು ನಮ್ಮದು, ಮತ್ತೆ ಕೇಳುತ್ತೇವೆ, ಈ ಸಲದ ಪೂರಾ ಔಷಧಿ ಅಂಗಡಿಯ ಕಡೆಯಿಂದ ಪುಕ್ಕಟೆ ಎಂದರು. ಧನರಾಜ ಅದಕ್ಕೆ ಅಡ್ಡ ಬರಲಿಲ್ಲ. ಹುಡಗಿಯ ಕಲ್ಲಿನಾಥ ಮೊದಲು ಬೈದ, ಆಮೇಲೆ "ಮೂರೂವರಿ ಜಾಳಗಿ" ಎಂದ, ಒಂದು ಸಲವೂ ತಡವರಿಸದೆ. ಐದು ದಿನದಲ್ಲಿ ಬಸ್ಸುಗಳಲ್ಲಿ ಬಾಟಲಿ ಹೋದವು. ಕುರಿಗಳ ಗದ್ದದ ಬಾವು ಇಳಿಯುತ್ತಿದೆ ಎಂಬ ಸುದ್ದಿ ಒಂದೊಂದೇ ಬರತೊಡಗಿತು.

ಒಬ್ಬನನ್ನು ಬಿಟ್ಟು ಎಲ್ಲರೂ ಜಾಳಿಗೆಯ ಲೆಕ್ಕ ಹೇಳಿದ್ದರು. ಕೊಹಿನೂರಿನ ಅಮೋಘಸಿದ್ದಪ್ಪ ಫೋನು ಎತ್ತಲಿಲ್ಲ, ಮೆಸೇಜೂ ಹಾಕಲಿಲ್ಲ. ಮಷೀನಿನ ಸಹವಾಸ ಸಾಕು, ಅಬ್ದುಲ್ ಕರೀಂನ ಮಗಳ ಊರಿಗೆ ಹೋಗಿ ಅವನನ್ನೇ ಕೇಳಿ ಬರುತ್ತೇನೆ ಎಂದು ಕೂತಿದ್ದ. ಇಶ್ರತ್‌ಳ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಖಾಲಿ ಇದ್ದದ್ದು ಧನರಾಜರ ಕಣ್ಣಿಗೆ ಬಿತ್ತು.

"ಇದು ನಿಮ್ಮಪ್ಪ ಅಲ್ಲ?" ಎಂದರು.

"ಹೌದ್ರಿ."

"ಎಲ್ಲಾರೂ ಬಂದಾರ, ಮಾನ್ಯ ಮಾಡ್ತೀನಿ. ಆದ್ರ ಬೇಟಾ, ಕುರಿಗಾರ್ರು ಒಬ್ಬರನ್ನೊಬ್ಬರು ಕೇಳ್ಕೊಂಡು ನಡಿಯೋ ಮಂದಿ. ಹಡದಪ್ಪನೇ ಮಗಳ ಮಷೀನಿನ ಮ್ಯಾಲ ಭರೋಸಾ ಇಡಲಿಲ್ಲಂದ್ರ ಊರವರು ಎಷ್ಟು ದಿನ ಇಡ್ತಾರ? ನಿಮ್ಮಪ್ಪ ತಾನೇ ಅದರ ಕೂಡ ಮಾತಾಡಿ ಔಷಧಿ ತರಸಲಿ, ಅದಾದ ಮ್ಯಾಲೇ ಆ ಆರು ದುಕಾನದ ಮಾತು."

ಎಂಟನೆಯ ದಿನ ಬೆಳಿಗ್ಗೆ ಕಾಜಲ ಮತ್ತೆ ಮಂಠಾಳದಲ್ಲಿ ಇಳಿದಳು. ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ಈ ಸಲ ವಾದ ಮಾಡಲಿಲ್ಲ. ಬಾವು ಬಂದ ಒಂದು ಹೆಣ್ಣು ಕುರಿಯನ್ನು ಹಿಡಿದು ಅದರ ಕತ್ತು ಸವರುತ್ತ ಅಪ್ಪನ ಪಕ್ಕ ಕೂತಳು.

"ಅಪ್ಪಾ, ತಪ್ಪು ನಂದು. ಕೇಳಬಾರದ್ದು ಕೇಳಿದೆ. ಕುರಿಗಾರರ ಮಗಳಾಗೀನೂ ಕೇಳಿದೆ. ಈಗ ಅದು ಕೇಳಂಗಿಲ್ಲ, ನಾನೂ ಕೇಳಂಗಿಲ್ಲ. ಒಂದು ಸಲ ಮಾತಾಡಿ ನೋಡು. ಬ್ಯಾಡ ಅನಸಿದ್ರ ಫೋನು ಬದುವಿನಾಗ ಒಗಿ."

ಅಮೋಘಸಿದ್ದಪ್ಪ ಕುರಿಯ ಗದ್ದದ ಬಾವನ್ನು ಮುಟ್ಟಿ ನೋಡಿದ. ಆಮೇಲೆ ಕೈ ಚಾಚಿದ. ಕಾಜಲ ಫೋನು ಹಚ್ಚಿ ಅವನ ಕೈಗಿಟ್ಟಳು.

"ನಮಸ್ಕಾರ್ರಿ ಯಣ್ಣಾ" ಎಂದಿತು ಫೋನು. "ಜಂತಿನ ಔಷಧಿ ಬೇಕಾಗಿತ್ತೇನ್ರಿ? ಎಷ್ಟು ಜಾಳಗಿ ಹಿಂಡು ನಿಮ್ದು?"

ಅವನು ಮಗಳ ಕಡೆ ಒಮ್ಮೆ ನೋಡಿದ. "ನಾಕು."

"ನಾಕು ಜಾಳಗಿ. ಒಂದು ಲೀಟರಿನ ಬಾಟಲಿ ಒಂದು ಕಳಸ್ತೀನ್ರಿ. ಮಧ್ಯಾಹ್ನದ ಬಸ್ಸಿಗಿ ಮಂಠಾಳಕ್ಕ ಬರ್ತದ. ಇಷ್ಟು ಸಾಕಾಗ್ತದೇನ್ರಿ?"

ಸಾಕು ಎಂದು ಹೇಳಿ ಫೋನು ಇಡುತ್ತಾನೆ ಎಂದು ಕಾಜಲ ಕೈ ಮುಂದೆ ಮಾಡಿದಳು. ಅಮೋಘಸಿದ್ದಪ್ಪ ಕೊಡಲಿಲ್ಲ. ಅವನ ಕಣ್ಣು ಹಿಂಡಿನ ಮೇಲೆ ಹೋಯಿತು. ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಬಂತು. ಈ ಸಲ ಅವನು ಕೆಮ್ಮಲಿಲ್ಲ.

"ಸಾಕಾಗಂಗಿಲ್ಲವ್ವಾ" ಎಂದ ಫೋನಿಗೆ, ಮಗಳನ್ನು ಕರೆಯುವ ಅದೇ ದನಿಯಲ್ಲಿ. "ಜಾಳಗ್ಯಾಗ ಒತ್ತಿ ನಿಂದ್ರಸ್ತೀನಿ ನಾ. ಒಂದು ಸಣ್ಣ ಬಾಟಲಿ ಜಾಸ್ತಿ ಹಾಕು. ಮ್ಯಾಲಿನ ಹದಿಮೂರಕ್ಕ."

ಒಲೆಯ ಮುಂದೆ ತುಳಜಾಬಾಯಿಯ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ಮದುವೆಯಾಗಿ ಮೂವತ್ತು ವರ್ಷ, ಆ ಬಾಯಿಂದ ಹಿಂಡಿನ ಲೆಕ್ಕ ಅವಳು ಕೇಳುತ್ತಿರುವುದು ಇದೇ ಮೊದಲು. ಕಾಜಲ ಮುಖ ತಿರುಗಿಸಿ ಕುರಿಯ ಉಣ್ಣೆಯಲ್ಲಿ ಹುದುಗಿಸಿದಳು. ನೂರಾ ಹದಿಮೂರು ಎಂದು ಅವಳೂ ಬಾಯಿ ಬಿಟ್ಟು ಹೇಳಲಿಲ್ಲ.